ಹಾಕಿ ಅಂದರು, ಹಾಕಿದರು

ಫೆಬ್ರವರಿ ಮೂರು, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ನಾನು ಸ್ಟೋರ್ಸಿನಲ್ಲಿ ಗೋಣಿ ಹೊಲಿಯುವ ದಾರದ ಉಂಡೆಗಳನ್ನು ಎಣಿಸುತ್ತಿದ್ದೆ. ಮೂವತ್ತೊಂದನೆಯದು ಕೈಯಲ್ಲಿದ್ದಾಗ ಹಲ್ಲರ್ ಶೆಡ್ಡಿನಿಂದ ಒಂದು ಕೂಗು ಬಂತು. ಅದರಲ್ಲಿ ಮಾತಿರಲಿಲ್ಲ. ಕತ್ತಲಲ್ಲಿ ನಾಯಿಯ ಬಾಲ ತುಳಿದಾಗ ಬರುತ್ತದಲ್ಲ, ಹಾಗಿತ್ತು. ಅದರ ಹಿಂದೆಯೇ ಶೆಡ್ಡಿನ ಗದ್ದಲದಲ್ಲಿ ಒಂದು ಸದ್ದು ಕಡಿಮೆಯಾಯಿತು. ಒಂದು ಮಿಷಿನ್ ನಿಂತಿತ್ತು.

ಚಿಕ್ಕಮಗಳೂರಿನ ಹೊರಗಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ. ಮೂಡಿಗೆರೆ, ಕಳಸ, ಜಾವಳಿ ಕಡೆಯ ತೋಟಗಳಿಂದ ಒಣಗಿದ ಕಾಫಿ ಚೀಲಗಳಲ್ಲಿ ಬರುತ್ತದೆ. ಇಲ್ಲಿ ಹಲ್ಲರ್ ಎಂಬ ಮಿಷಿನ್ನಿನಲ್ಲಿ ಅದರ ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಕೆಟ್ಟ ಕಾಳು ಆರಿಸಿ ಕಳಿಸುತ್ತಾರೆ. ನಾನು ವಸ್ತಾರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಸ್ಟೋರ್ಸಿನ ಜವಾಬ್ದಾರಿ ಮೊದಲಿನಿಂದ ನನ್ನದು, ಹೋದ ಮಳೆಗಾಲದಿಂದ ಸೇಫ್ಟಿಯೂ ನನ್ನದೇ. ನಾನು ಡೈರಿ ಬರೆಯುತ್ತೇನೆಂದು ಯಾರೋ ಮ್ಯಾನೇಜರಿಗೆ ಹೇಳಿದ್ದರು. "ಹೇಗೂ ಬರೀತೀರಲ್ಲ, ಇದನ್ನೂ ಬರ್ಕೊಳ್ಳಿ" ಎಂದು ಅವರು ಅದನ್ನು ನನಗೆ ವಹಿಸಿದ್ದರು.

ಓಡಿಹೋಗಿ ನೋಡಿದರೆ ನಮ್ಮ ಫಿಟ್ಟರು ಎಲಿವೇಟರಿನ ಗುಂಡಿಯ ಅಂಚಿನಲ್ಲಿ ಕೂತಿದ್ದರು. ಎಡಗೈಯನ್ನು ಬಲಗೈಯಲ್ಲಿ ಹಿಡಿದು ಎದೆಗೊತ್ತಿಕೊಂಡಿದ್ದರು. ಎಲಿವೇಟರ್ ಎಂದರೆ ಜನ ಹತ್ತುವ ಲಿಫ್ಟ್ ಅಲ್ಲ. ಅಗಲವಾದ ಬೆಲ್ಟಿಗೆ ಸಾಲಾಗಿ ಕಬ್ಬಿಣದ ಬಕೆಟ್‌ಗಳನ್ನು ಕೂರಿಸಿರುತ್ತಾರೆ. ಅವು ನೆಲದ ಕೆಳಗಿನ ಗುಂಡಿಯಿಂದ ಕಾಫಿ ಮೊಗೆದುಕೊಂಡು ಮೇಲೆ ಹೋಗಿ ಅಟ್ಟದಲ್ಲಿರುವ ಹಲ್ಲರಿನ ಬಾಯಿಗೆ ಸುರಿಯುತ್ತವೆ. ಆ ದಿನ ಗುಂಡಿಯಲ್ಲಿ ಹೊಟ್ಟು ಕಟ್ಟಿಕೊಂಡು ಒಂದು ಬಕೆಟ್ ಸೊಟ್ಟಗಾಗಿತ್ತು. ಫಿಟ್ಟರು ಒಳಗೆ ಕೈ ಹಾಕಿ ಅದನ್ನು ಬಿಚ್ಚುತ್ತಿದ್ದಾಗ ಬೆಲ್ಟ್ ಓಡಿತ್ತು. ಗ್ಲೌಸ್ ಕಿತ್ತುಕೊಂಡು ಹೋದದ್ದರಿಂದ ಕೈ ಉಳಿಯಿತು. ಆದರೂ ಎರಡು ಬೆರಳು ಮುರಿದಿದ್ದವು.

"ಅವ್ರೇ," ಎಂದರು ಫಿಟ್ಟರು, ಹಲ್ಲು ಕಚ್ಚಿ, ಮೇಲಿನ ಕಿಟಕಿ ನೋಡುತ್ತಾ. "ಅವ್ರೇ ಹಾಕಿದ್ದು."

ಆ ಕಿಟಕಿ ಪ್ಯಾನಲ್ ರೂಮಿನದು. ಎಲ್ಲ ಮಿಷಿನ್ನುಗಳ ಸ್ವಿಚ್ಚುಗಳಿರುವ ಆ ರೂಮು ಶೆಡ್ಡಿನ ಇನ್ನೊಂದು ತುದಿಯಲ್ಲಿ, ಮೆಟ್ಟಿಲ ಮೇಲಿದೆ. ಅಲ್ಲಿ ಕೂರುವವರಿಗೆ ಐವತ್ತು ದಾಟಿದೆ. ಎಲ್ಲರೂ ಅವರನ್ನು ಪ್ಯಾನಲಣ್ಣ ಎಂದೇ ಕರೆಯುತ್ತಾರೆ. ಪೇಟೆಯಲ್ಲಿ ಅಂಗಡಿ ಇರುವ ಮನೆತನದವರು. ಅಂಗಡಿಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು, ವಿಭೂತಿ ಇಟ್ಟುಕೊಂಡು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಲ್ಲಿಗೆ ಬರುತ್ತಾರೆ. ಆ ಕುರ್ಚಿ ಬಿಟ್ಟು ಬೇರೆ ಕಡೆ ಅವರು ಕೂತದ್ದನ್ನು ನಾನು ನೋಡಿಲ್ಲ.

ನಾನು ಮೆಟ್ಟಿಲು ಹತ್ತಿ ಹೋದಾಗ ಎಲಿವೇಟರಿನ ಸ್ವಿಚ್ ಆಫ್ ಆಗಿತ್ತು. ಅದಕ್ಕೆ ಕೆಂಪು ಬೀಗ ಬಿದ್ದಿತ್ತು. ಕೀ ಮೊಳೆಯಲ್ಲಿ ನೇತಾಡುತ್ತಿತ್ತು. ಪ್ಯಾನಲಣ್ಣ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು.

"ಬೀಗ ಹಾಕಿದೀನಿ, ನೋಡ್ಕೊಳ್ಳಿ" ಎಂದರು.

ನಾನಿನ್ನೂ ಏನೂ ಕೇಳಿರಲಿಲ್ಲ. ಕೇಳುವ ಮೊದಲೇ ಬರುವ ಉತ್ತರದ ಮೇಲೆ ನನಗೆ ನಂಬಿಕೆ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ "ಈಗ ಬರುತ್ತೆ" ಎಂದು ತಾವಾಗಿಯೇ ಹೇಳುವವರ ಬಸ್ಸು ಬರುವುದಿಲ್ಲ.

ಆ ಕೆಂಪು ಬೀಗಗಳು ಬಂದದ್ದು ಮಳೆಗಾಲದಲ್ಲಿ. ಬೆಂಗಳೂರಿನಿಂದ ಒಬ್ಬರು ಬಂದು ನಮಗೆಲ್ಲ ಅರ್ಧ ದಿನ ಹೇಳಿಕೊಟ್ಟಿದ್ದರು. ಮಿಷಿನ್ ನಿಲ್ಲಿಸುವುದು ಬೇರೆ, ಮತ್ತೆ ಹೊರಡದ ಹಾಗೆ ಮಾಡುವುದು ಬೇರೆ. ಸ್ವಿಚ್ ಆರಿಸಿದರೆ ಇನ್ನೊಬ್ಬರು ಬಂದು ಹಾಕಬಹುದು. ಆದ್ದರಿಂದ ಯಾರ ಕೈ ಮಿಷಿನ್ನಿನೊಳಗೆ ಹೋಗುತ್ತದೋ ಅವರೇ ಸ್ವಿಚ್ಚಿಗೆ ಬೀಗ ಹಾಕಬೇಕು, ಕೀ ಅವರ ಜೇಬಿನಲ್ಲೇ ಇರಬೇಕು. ಆಮೇಲೆ ಒಂದು ಸಲ ಸ್ಟಾರ್ಟ್ ಬಟನ್ ಒತ್ತಿ, ಹೊರಡುವುದಿಲ್ಲವೆಂದು ಕಣ್ಣಾರೆ ನೋಡಬೇಕು. ಕರೆಂಟ್ ಹೋದ ಮಾತ್ರಕ್ಕೂ ಸಾಲದು. ತುಂಬಿದ ಬಕೆಟ್‌ಗಳು ಮೇಲೆ ತೂಗುತ್ತಿದ್ದರೆ ಆ ಭಾರಕ್ಕೇ ಬೆಲ್ಟ್ ಹಿಂದಕ್ಕೆ ಉರುಳಬಹುದು, ಅದನ್ನು ಸರಪಳಿಯಿಂದ ಕಟ್ಟಬೇಕು. ಇಷ್ಟೇ ಪಾಠ. ಎಲ್ಲರೂ ತಲೆ ಆಡಿಸಿದ್ದರು, ಆಮೇಲೆ ಉಪ್ಪಿಟ್ಟು ತಿಂದಿದ್ದರು.

ನವೆಂಬರಿನವರೆಗೆ ಹಾಗೇ ನಡೆಯಿತು. ಡಿಸೆಂಬರಿನಲ್ಲಿ ಲೋಡುಗಳು ಯಾರ್ಡ್ ತುಂಬ ನಿಂತ ಮೇಲೆ, ಬೀಗ ಹಾಕುವುದಕ್ಕೆಂದು ಶೆಡ್ಡಿನ ಆ ತುದಿಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯುವವರು ಯಾರು? ಬೀಗ, ಕೀ ಎರಡೂ ಪ್ಯಾನಲ್ ರೂಮಿನ ಮೊಳೆಗೆ ಹೋದವು. ಫಿಟ್ಟರು ಗುಂಡಿಯಿಂದ ಕೂಗುವುದು, ಪ್ಯಾನಲಣ್ಣ ಕಿಟಕಿಯಿಂದ ಓಗೊಡುವುದು ಶುರುವಾಯಿತು. ನಾನೂ ಅದನ್ನು ದಿನಾ ಕೇಳುತ್ತಿದ್ದೆ. ಬೀಗ ಬೀಳುತ್ತಿದೆಯಲ್ಲ, ಸಾಕು ಅನ್ನಿಸಿತ್ತು.

ಫಿಟ್ಟರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮ್ಯಾನೇಜರು ನನ್ನನ್ನು ಕರೆದರು. "ಬೀಗ ಇದೆ ಅಂತೀರಿ. ಹಂಗಾದ್ರೆ ಭಾರಕ್ಕೆ ಬೆಲ್ಟ್ ಹಿಂದಕ್ಕೆ ಉರುಳಿರ್ಬೇಕು. ಸರಪಳಿ ಕಟ್ಟಿರಲ್ಲ ಅವ್ನು. ಅಲ್ಲಿಗೆ ಮುಗೀತು" ಎಂದರು. ನನಗೂ ಮುಗಿಯಿತು ಅನ್ನಿಸಿತ್ತು. ಆದರೆ ಮಧ್ಯಾಹ್ನ ಊಟದ ಮೇಲೆ ಅಟ್ಟ ಗುಡಿಸಲು ಹೋದವರು ಗ್ಲೌಸನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದು ಸಿಕ್ಕಿದ್ದು ಹಲ್ಲರಿನ ಬಾಯಲ್ಲಿ.

ಬೆಲ್ಟ್ ಹಿಂದಕ್ಕೆ ಉರುಳಿದ್ದರೆ ಗ್ಲೌಸ್ ಗುಂಡಿಯಲ್ಲೇ ಇರಬೇಕಿತ್ತು. ಅದು ಮೇಲೆ ಹೋಗಿದೆ. ಅಂದರೆ ಮೋಟರ್ ಓಡಿದೆ, ಯಾರೋ ಸ್ವಿಚ್ ಹಾಕಿದ್ದಾರೆ, ಆಮೇಲೆ ಆರಿಸಿ ಬೀಗ ಜಡಿದಿದ್ದಾರೆ. ಪ್ಯಾನಲ್ ರೂಮಿನಲ್ಲಿ ಇದ್ದದ್ದು ಒಬ್ಬರೇ.

ಮ್ಯಾನೇಜರು ಗ್ಲೌಸನ್ನು ತಿರುಗಿಸಿ ನೋಡಿದರು. "ಶನಿವಾರದೊಳಗೆ ವಿಚಾರಿಸಿ ಹೇಳಿ. ಗೊತ್ತಿಲ್ದೆ ಆಗಿದ್ರೆ ಬೇರೆ ಮಾತು. ಬೇಕು ಅಂತ ಹಾಕಿದ್ದಾದ್ರೆ ಭಾನುವಾರದಿಂದ ಅವ್ರು ಈ ಗೇಟ್ ದಾಟೋ ಹಾಗಿಲ್ಲ."

ಬೇಕು ಅಂತ ಹಾಕಲು ಕಾರಣವೂ ಇತ್ತು. ಫಿಟ್ಟರು ಜಾವಳಿಯವರು, ಊರಲ್ಲಿ ಅವರಿಗೂ ಸ್ವಲ್ಪ ಕಾಫಿ ಇದೆ. ಜನವರಿ ಹದಿನೆಂಟರಂದು ಅವರು ತಮ್ಮ ಮನೆಯ ಆರು ಚೀಲವನ್ನು ಬೇರೆಯವರ ಲೋಡಿನ ನಡುವೆ ತೂರಿಸಿ ಹಲ್ಲರಿಗೆ ಬಿಟ್ಟಿದ್ದರು. ಪ್ಯಾನಲಣ್ಣ ಅದನ್ನು ಕಂಡು ಮಿಷಿನ್ನನ್ನೇ ನಿಲ್ಲಿಸಿ, ಕಿಟಕಿಯಿಂದ ಎಲ್ಲರೆದುರು, "ಇದೇನು ನಿಮ್ಮಪ್ಪ ಕಟ್ಸಿದ ರೈಸ್ ಮಿಲ್ಲೇನಯ್ಯಾ?" ಎಂದಿದ್ದರು. ಕಾಳು ಆರಿಸುವ ಹೆಂಗಸರು ಎರಡು ದಿನ ನಕ್ಕಿದ್ದರು. ಫಿಟ್ಟರು, "ಪೇಟೇಲಿ ತೂಕದಲ್ಲಿ ಹೊಡ್ಯೋ ಮನೆಯವ್ರಿಗೆ ಸರದಿ ಬಗ್ಗೆ ಏನ್ ಗೊತ್ತು" ಎಂದು ಕೆಳಗಿನಿಂದ ಕೊಟ್ಟಿದ್ದರು. ಅಂದಿನಿಂದ ಇಬ್ಬರೂ ಒಟ್ಟಿಗೆ ಟೀ ಕುಡಿದಿಲ್ಲ. ಮಿಷಿನ್ನಿಗೆ ಬೇಕಾದಷ್ಟು ಮಾತು, ಅದೂ ಕೂಗಿನಲ್ಲಿ.

ಮಂಗಳವಾರ ಫಿಟ್ಟರು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದರು. ರಜಾ ಇದ್ದರೂ ಮನೆಯಲ್ಲಿ ಕೂರಲಾಗಲಿಲ್ಲವಂತೆ. ಸ್ಟೋರ್ಸಿನ ಬಾಗಿಲಲ್ಲಿ ಖಾಲಿ ಗೋಣಿಗಳ ಮೇಲೆ ಕೂತರು.

"ಬರಿಯೋ ಮೇಡಮ್ಮೋರೇ, ಬರ್ಕೊಳ್ಳಿ. ಅವ್ರು ಬೇಕು ಅಂತ್ಲೇ ಹಾಕಿದ್ದು."

"ನೀವು ಏನಂತ ಕೂಗಿದ್ರಿ?"

"ದಿನಾ ಏನ್ ಕೂಗ್ತೀನೋ ಅದೇ. ಹಾಕಿ ಅಂದೆ."

"ಬೆಲ್ ಕೇಳಿಸ್ತಾ?"

"ಎಲ್ಲಿ ಬೆಲ್ಲು? ಕೊಲ್ಲೋಕೆ ಬರೋನು ಬಾಗಿಲು ತಟ್ಟಿ ಬರ್ತಾನಾ?"

ಬೆಲ್ಲಿನ ವಿಷಯ ಹೇಳಬೇಕು. ಯಾವ ಮಿಷಿನ್ ಹಾಕುವ ಮೊದಲೂ ಪ್ಯಾನಲ್ ರೂಮಿನವರು ಒಂದು ಉದ್ದನೆಯ ಬೆಲ್ ಹೊಡೆಯಬೇಕು. ಕೆಂಪು ಬೀಗಗಳಿಗಿಂತ ಹಳೆಯ ಪದ್ಧತಿ ಇದು. ನನ್ನ ಲೆಕ್ಕ ಹೀಗಿತ್ತು: ಬೆಲ್ ಹೊಡೆದು ಹಾಕಿದ್ದರೆ ಅದು ತಪ್ಪು ತಿಳಿವಳಿಕೆ. ಕದ್ದು ಕೆಲಸ ಮಾಡುವವರು ಬೆಲ್ ಹೊಡೆಯುವುದಿಲ್ಲ. ಹೊಡೆಯದೆ ಹಾಕಿದ್ದರೆ ಫಿಟ್ಟರು ಹೇಳುವುದೇ ನಿಜ ಇರಬಹುದು.

ಮಧ್ಯಾಹ್ನ ನಾನೇ ಹೋಗಿ ಬೆಲ್ ಒತ್ತಿಸಿ ನೋಡಿದೆ. ಚೆನ್ನಾಗಿ ಬಡಿಯಿತು. ಆದರೆ ಗೋಡೆಯ ಮೇಲೆ ಎಲ್ಲೆಲ್ಲೂ ಹೊಟ್ಟಿನ ಧೂಳು ಬೆರಳು ದಪ್ಪ ಕೂತಿತ್ತು. ಬೆಲ್ಲಿನ ಮುಚ್ಚಳದ ಮೇಲೆ ಇರಲಿಲ್ಲ. ಅದರ ಎರಡು ಸ್ಕ್ರೂಗಳ ತಲೆಗಳು ಹೊಸದಾಗಿ ಹೊಳೆಯುತ್ತಿದ್ದವು. ಯಾರು ಬಿಚ್ಚಿದ್ದು ಎಂದು ಕೇಳಿದರೆ ಯಾರೂ ಬಿಚ್ಚಿಲ್ಲ. ಬೆಲ್ ರಿಪೇರಿ ಫಿಟ್ಟರ ಕೆಲಸ. ಪ್ಯಾನಲಣ್ಣನ ಜೇಬಿನಲ್ಲೂ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಅದರಿಂದ ಅವರು ಕಿವಿ ಕೆರೆದುಕೊಳ್ಳುವುದನ್ನೂ ನೋಡಿದ್ದೇನೆ. ಆ ಹೊತ್ತಿನಿಂದ ನನಗೆ ಇಬ್ಬರ ಮೇಲೂ ಅನುಮಾನ ಶುರುವಾಯಿತು.

ಬುಧವಾರ ಪ್ಯಾನಲಣ್ಣನನ್ನು ಕೇಳಿದೆ.

"ಬೀಗ ಹಾಕಿದ್ದೆ."

"ಅದು ಗೊತ್ತು. ಬೆಲ್ ಹೊಡೆದ್ರಾ?"

"ಮಿಷಿನ್ ಹಾಕೇ ಇಲ್ಲ ಅಂತಿದೀನಿ, ಬೆಲ್ ಯಾಕಮ್ಮ ಹೊಡೀಲಿ?"

"ಗ್ಲೌಸ್ ಅಟ್ಟದ ಮೇಲೆ ಹೇಗೆ ಹೋಯ್ತು?"

ಅವರು ಕಿಟಕಿಯ ಕಡೆ ತಿರುಗಿದರು. "ನೀವು ಓದಿದವ್ರು. ನೀವೇ ಹೇಳ್ಬೇಕು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಸುಳ್ಳು ಆಪಾದನೆ ಬಂದರೆ ಸಿಟ್ಟು ಬರಬೇಕಲ್ಲ?

ಎಲಿವೇಟರಿನ ಹತ್ತಿರ ನೆಲಕ್ಕೆ ಚೆಲ್ಲಿದ ಕಾಳು ಆರಿಸಲು ಒಬ್ಬ ಹೆಂಗಸು ಕೂರುತ್ತಾರೆ. ಸೋಮವಾರ ಅವರೂ ಅಲ್ಲೇ ಇದ್ದರು. ಮೊರ ಮಡಿಲಲ್ಲಿಟ್ಟುಕೊಂಡೇ ಅವರು ನನಗೆ ಉತ್ತರ ಕೊಟ್ಟರು.

"ಏನ್ ನಡೀತು ಅಂತ ಏನ್ ಕೇಳ್ತೀರಮ್ಮ? ಕೆಳಗಿದ್ದವ್ರು ಹಾಕಿ ಅಂದ್ರು, ಮೇಲಿದ್ದವ್ರು ಹಾಕಿದ್ರು."

"ಬೆಲ್ ಹೊಡೀತಾ?"

"ಬೆಲ್ ದಿನಾ ಹೊಡಿಯುತ್ತೆ. ಯಾವತ್ತು ಹೊಡೀತು, ಯಾವತ್ತು ಇಲ್ಲ ಅಂತ ಯಾರು ನೆನಪಿಟ್ಕೊಳ್ತಾರೆ ಮಾರಾಯ್ತಿ? ಕೋಳಿ ಕೂಗಿದ್ದು ನೆನಪಿದ್ಯಾ ನಿಮಗೆ, ಸೋಮವಾರದ್ದು?"

ಸುತ್ತ ಕೂತವರು ನಕ್ಕರು. ಅವರಿಗೂ ಯಾರದೋ ಕಡೆಯ ಭಯ ಇರಬಹುದು, ಮಾತು ಹಾರಿಸುತ್ತಿದ್ದಾರೆ ಎಂದುಕೊಂಡು ಬಂದೆ. ಅವರು ಎಲ್ಲವನ್ನೂ ಹೇಳಿಬಿಟ್ಟಿದ್ದರು, ನನಗೆ ಕೇಳಿಸಿರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ಅಮ್ಮ ಚಟ್ನಿಗೆಂದು ಮಿಕ್ಸಿಯ ಜಾರಿಗೆ ಕಾಯಿ, ಮೆಣಸಿನಕಾಯಿ ತುಂಬಿದ್ದರು. ನಾನು ಪಕ್ಕದಲ್ಲಿ ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ. ಅವರು ನೀರಿನ ಲೋಟ ತೆಗೆದುಕೊಳ್ಳಲು ತಿರುಗಿ, "ಹಾಕೇ ಅದನ್ನ" ಎಂದರು. ನಾನು ಸ್ವಿಚ್ ಹಾಕಿದೆ. ಚಟ್ನಿ ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ ಹಾರಿತು.

"ಮುಚ್ಚಳ ಹಾಕು ಅಂದ್ರೆ ಕರೆಂಟ್ ಹಾಕಿದ್ಯಲ್ಲೇ! ಕಣ್ಣಿಲ್ವಾ ನಿಂಗೆ?"

"ನೀನು ಮುಚ್ಚಳ ಅನ್ಲಿಲ್ಲ."

"ಮುಚ್ಚಳ ಇಲ್ದೆ ಯಾರಾದ್ರೂ ಮಿಕ್ಸಿ ಹಾಕ್ತಾರೇನೇ? ಅಷ್ಟು ಗೊತ್ತಾಗ್ಬಾರ್ದಾ?"

ಕನ್ನಡಕ ಒರೆಸಿಕೊಳ್ಳುತ್ತಾ ನಿಂತೆ. ಮುಚ್ಚಳವನ್ನೂ ಹಾಕುತ್ತೇವೆ, ಕರೆಂಟನ್ನೂ ಹಾಕುತ್ತೇವೆ. ಬೀಗವನ್ನೂ ಹಾಕುತ್ತೇವೆ, ಸ್ವಿಚ್ಚನ್ನೂ ಹಾಕುತ್ತೇವೆ. ಬೀಗ ಹಾಕಿದರೆ ಮಿಷಿನ್ ಹೊರಡುವುದಿಲ್ಲ, ಸ್ವಿಚ್ ಹಾಕಿದರೆ ಹೊರಡುತ್ತದೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ತೆಗೆಯುವುದೂ ಹಾಗೇ: ಸ್ವಿಚ್ ತೆಗೆದರೆ ಜೀವ ಉಳಿಯುತ್ತದೆ, ಬೀಗ ತೆಗೆದರೆ ಹೋಗುತ್ತದೆ. ಗುಂಡಿಯಲ್ಲಿ ಕೂತವರು "ಹಾಕಿ" ಎಂದಾಗ ಅವರ ಕಣ್ಣ ಮುಂದೆ ಬೀಗ ಇರುತ್ತದೆ. ಕಿಟಕಿಯಲ್ಲಿ ನಿಂತವರ ಕೈಯಡಿ ಇರುವುದು ಸ್ವಿಚ್ಚು.

ಆದರೂ ನಾನು ಕೂಡಲೇ ನಂಬಲಿಲ್ಲ. ಇಷ್ಟು ದಿನ ಇದೇ ಮಾತಿನಲ್ಲಿ ಕೆಲಸ ನಡೆದಿತ್ತಲ್ಲ, ಸೋಮವಾರ ಮಾತ್ರ ಯಾಕೆ ತಪ್ಪಬೇಕು? ಶುಕ್ರವಾರ ಹಲ್ಲರ್ ಶೆಡ್ಡಿನಲ್ಲಿ ಮೂರು ಗಂಟೆ ಕೂತು, ಯಾರು ಯಾವುದಕ್ಕೆ ಹಾಕು, ಹಾಕಿ ಎನ್ನುತ್ತಾರೆಂದು ಗೀಟು ಎಳೆಯುತ್ತಾ ಹೋದೆ. ಚೀಲ ಹಾಕು, ತೂಕಕ್ಕೆ ಹಾಕು, ಲೈಟ್ ಹಾಕು, ಸಹಿ ಹಾಕು, ಬಾಗಿಲು ಹಾಕು, ಮಿಷಿನ್ ಹಾಕು. ಎಲೆಯಡಿಕೆ ಹಾಕಿ ಬರ್ತೀನಿ. ನಲವತ್ತು ದಾಟಿದ ಮೇಲೆ ಬಿಟ್ಟೆ. ವಸ್ತುವಿನ ಹೆಸರು ಹೇಳಿದವರು ಅರ್ಧ ಜನವೂ ಇಲ್ಲ. ಎದುರಿಗಿರುವಾಗ ಹೆಸರು ಯಾಕೆ ಬೇಕು, ಕಣ್ಣೇ ಹೇಳುತ್ತದೆ. ಗುಂಡಿಯಿಂದ ಕಿಟಕಿ ಕಾಣುವುದಿಲ್ಲ.

ಸೋಮವಾರ ಮಾತ್ರ ಯಾಕೆ ತಪ್ಪಿತು ಎಂಬುದು ಶನಿವಾರ ಮ್ಯಾನೇಜರ ರೂಮಿನಲ್ಲಿ ತಿಳಿಯಿತು. ಇಬ್ಬರನ್ನೂ ಎದುರುಬದುರು ಕೂರಿಸಿದ್ದರು. ಪ್ಯಾನಲಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು, ಬೀಳ್ಕೊಡುಗೆಗೆ ಬಂದವರ ಹಾಗೆ. ಸೋಮವಾರ ನಡೆದದ್ದನ್ನು ಮೊದಲಿಂದ ಹೇಳಿ ಎಂದು ನಾನು ಫಿಟ್ಟರನ್ನು ಕೇಳಿದೆ.

ಅವರು ಹೇಳಿದ್ದು ಹೀಗೆ. ಬಕೆಟ್ ಒಮ್ಮೆ ಸರಿ ಮಾಡಿದ್ದಾಗಿತ್ತು. ಬೀಗ ತೆಗೆಸಿ, ಸ್ವಿಚ್ ಹಾಕಿಸಿ ಓಡಿಸಿ ನೋಡಿದ್ದರು. ಇನ್ನೂ ಸದ್ದು ಬರುತ್ತಿತ್ತು. ನಿಲ್ಲಿಸಲು ಹೇಳಿ ಮತ್ತೆ ಗುಂಡಿಗೆ ಇಳಿದಿದ್ದರು. ಇಳಿದ ಮೇಲೆ ಕೂಗಿದ್ದು: ಹಾಕಿ.

"ಏನನ್ನ?" ಎಂದೆ.

"ಬೀಗಾನ! ಇನ್ನೇನನ್ನ? ಕೈ ಒಳಗಿಟ್ಕೊಂಡು ಸ್ವಿಚ್ ಹಾಕು ಅಂತಾರೇನ್ರೀ ಯಾರಾದ್ರೂ?"

ಪ್ಯಾನಲಣ್ಣ ಕುರ್ಚಿಯಿಂದ ಅರ್ಧ ಎದ್ದರು. "ಬೀಗ ಅಂತ ಒಂದು ಮಾತು ಅಂದಿದ್ರೆ ನಾನ್ಯಾಕೆ ಸ್ವಿಚ್ ಹಾಕ್ತಿದ್ದೆ ಮಾರಾಯ? ಈಗಷ್ಟೇ ಓಡಿಸಿ ನಿಲ್ಸಿದೀಯ, ಇನ್ನೊಂದ್ಸಲ ಓಡಿಸಿ ನೋಡ್ತಾನೆ ಅನ್ಕೊಂಡೆ! ಮತ್ತೆ ಗುಂಡೀಲಿದೀಯ ಅಂತ ನಂಗೇನು ಕನಸು ಬೀಳುತ್ತಾ?"

ಐದು ದಿನದಲ್ಲಿ ಮೊದಲ ಸಲ ಅವರಿಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಅವರು ಒಪ್ಪಿಕೊಂಡೂ ಬಿಟ್ಟಿದ್ದರು.

ಮ್ಯಾನೇಜರು ನಿಧಾನವಾಗಿ ಕೇಳಿದರು. "ಹಂಗಾದ್ರೆ ಹಾಕಿದ್ದು ಹೌದು."

"ಹೌದು."

"ಐದು ದಿನದಿಂದ ಬೀಗ ಹಾಕಿದೀನಿ ಅಂದ್ರಲ್ಲ."

"ಹಾಕಿದ್ದೂ ನಿಜ. ಕೂಗು ಕೇಳಿದ ಮೇಲೆ ಹಾಕ್ದೆ. ಬೀಗ ಇಲ್ದೇ ಇರೋ ಸ್ವಿಚ್ ನೋಡಿದ್ರೆ ನೀವೆಲ್ಲ ಏನ್ ಅನ್ಕೊಳ್ತಿದ್ರಿ?"

"ಈಗ ಏನ್ ಅನ್ಕೊಂಡ್ವಿ?"

ಪ್ಯಾನಲಣ್ಣ ಮತ್ತೆ ಕೂತರು. ಫಿಟ್ಟರು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ, "ಸ್ವಾಮಿ, ಮಾತು ತಪ್ಪಾಗಿ ಕೇಳ್ತು ಅಂತಾನೇ ಇಟ್ಕೊಳ್ಳೋಣ. ಬೆಲ್ಲು? ಓಡಿಸಿ ನೋಡ್ತಾನೆ ಅನ್ಕೊಂಡಿದ್ರೆ ಬೆಲ್ ಹೊಡೀಬೇಕಿತ್ತಲ್ಲ? ಹೊಡ್ದಿದ್ರೆ ಕೈ ಎಳ್ಕೊಳ್ತಿದ್ದೆ" ಎಂದರು.

"ಹೊಡ್ದೆ."

"ಬುಧವಾರ ಹೊಡೆದಿಲ್ಲ ಅಂದ್ರಿ ನನಗೆ" ಎಂದೆ ನಾನು.

"ಮಿಷಿನ್ ಹಾಕಿಲ್ಲ ಅಂತ ಹೇಳೋವಾಗ ಬೆಲ್ ಹೊಡ್ದೆ ಅಂತ ಹೇಗಮ್ಮ ಹೇಳ್ಲಿ? ಒತ್ತಿದ್ದು ದೇವರಾಣೆ. ಅಲ್ಲಿ ಹೊಡೀತೋ ಇಲ್ವೋ. ಅದು ಸರಿ ಇಲ್ಲ, ಕಚ್ಕೊಳ್ಳುತ್ತೆ ಅಂತ ಇವ್ನಿಗೆ ಎಷ್ಟು ಸಲ ಹೇಳಿದೀನಿ ಕೇಳಿ."

"ನಂಗೆ ಒಂದು ಸಲಾನೂ ಹೇಳಿಲ್ಲ. ಮಾತೇ ಬಿಟ್ಟಿದ್ವಲ್ಲ."

"ಕೂಗಿ ಹೇಳಿದ್ದೆ, ಕಿಟಕಿಯಿಂದ."

"ಏನಂತ? ಹಾಕು ಅಂತಾನಾ?"

ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಪ್ಯಾನಲಣ್ಣ ಮಾತ್ರ ನಗಲಿಲ್ಲ. ಇನ್ನೂ ತೀರ್ಮಾನ ಆಗಬೇಕಿದ್ದದ್ದು ಅವರದೇ.

ಸೋಮವಾರ ಸಂಜೆಯೋ ಮಂಗಳವಾರ ಬೆಳಿಗ್ಗೆಯೋ ಯಾರೋ ಬೆಲ್ಲಿನ ಮುಚ್ಚಳ ಬಿಚ್ಚಿದ್ದಾರೆ. ಫಿಟ್ಟರಿಗೆ ಕಾರಣ ಇತ್ತು: ಹೇಳಿದ್ದರೂ ರಿಪೇರಿ ಮಾಡಿರಲಿಲ್ಲ ಎಂದಾದರೆ ತಪ್ಪು ಅವರ ಮೇಲೂ ಬರುತ್ತದೆ, ಅದಕ್ಕೇ ಗುಟ್ಟಾಗಿ ಸರಿ ಮಾಡಿರಬಹುದು. ಒಂದೇ ಕೈಯಲ್ಲಿ ಎರಡು ಸ್ಕ್ರೂ ತಿರುಗಿಸುವುದು ಅವರಿಗೆ ಕಷ್ಟವಲ್ಲ. ಪ್ಯಾನಲಣ್ಣನಿಗೂ ಕಾರಣ ಇತ್ತು: ಬೆಲ್ ಒತ್ತದೇ ಇದ್ದು, ಕೆಟ್ಟಿತ್ತು ಎಂದು ಆಮೇಲೆ ಹೇಳಲು ಮುಚ್ಚಳ ಬಿಚ್ಚಿದ ಗುರುತು ಬೇಕಾಗಿರಬಹುದು. ಸ್ಕ್ರೂಗಳ ವಿಷಯವನ್ನು ನಾನು ಅಲ್ಲಿ ಎತ್ತಿದೆ. ಇಬ್ಬರೂ ಒಂದೇ ಹೊತ್ತಿಗೆ "ನಾನಲ್ಲ" ಎಂದರು. ಮೂರು ವಾರದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಮ್ಯಾನೇಜರು ಕೊನೆಗೆ ಹೇಳಿದರು. "ಬೇಕು ಅಂತ ಹಾಕಿದ್ದು ಅಂತ ನನಗೆ ಅನ್ಸಲ್ಲ. ಗೇಟ್ ದಾಟ್ಬಹುದು. ಆದ್ರೆ ಐದು ದಿನ ಸುಳ್ಳು ಹೇಳಿದವ್ರ ಕೈಗೆ ಸ್ವಿಚ್ ಕೊಟ್ಟು ಇನ್ನೊಬ್ರನ್ನ ಗುಂಡಿಗೆ ಇಳ್ಸಲ್ಲ. ಯಾರ್ಡಿನಲ್ಲಿ ಲೋಡ್ ನೋಡ್ಕೊಳ್ಳಿ. ಅವತ್ತು ಬೆಲ್ ಹೊಡೀತು ಅಂತ ಹೊರಗಿನವ್ರು ಒಬ್ರು ಹೇಳ್ಲಿ, ಮತ್ತೆ ನಿಮ್ಮ ಕುರ್ಚಿ ನಿಮಗೆ."

ಪ್ಯಾನಲಣ್ಣ ಕೈ ಮುಗಿದು ಎದ್ದರು. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಒತ್ತಿದ್ದೆ ಅಮ್ಮಾ" ಎಂದರು. ಆಗಲೂ ಕೇಳುವ ಮೊದಲೇ.

ಮುಂದಿನ ಸೋಮವಾರವೇ ಬೀಗದ ಮೊಳೆಯನ್ನು ಪ್ಯಾನಲ್ ರೂಮಿನಿಂದ ಕಿತ್ತೆವು. ಗುಂಡಿಗೆ ಇಳಿಯುವವರೇ ಮೆಟ್ಟಿಲು ಹತ್ತಿ ಹೋಗಿ ಬೀಗ ಹಾಕಿ, ಬಟನ್ ಒತ್ತಿ ನೋಡಿ, ಕೀಯನ್ನು ಜೇಬಿನಲ್ಲಿಟ್ಟುಕೊಂಡು ಇಳಿಯಬೇಕು. ಫಿಟ್ಟರು ಒಂದು ಕೈಯಲ್ಲಿ ಕಂಬಿ ಹಿಡಿದು, ಗೊಣಗುತ್ತಾ ಹತ್ತುತ್ತಾರೆ. ಕೂಗುವ ಮಾತನ್ನೂ ಬದಲಾಯಿಸಿದೆವು. ಮಿಷಿನ್ನಿನ ವಿಷಯದಲ್ಲಿ ಹಾಕು, ತೆಗಿ ಎನ್ನುವಂತಿಲ್ಲ. "ಚಾಲೂ", "ಬಂದ್", "ಬೀಗ" ಈ ಮೂರೇ. ಆರಿಸುವ ಹೆಂಗಸರಿಗೆ ಇದು ಆಟವಾಗಿದೆ. ಟೀ ಬಂದರೆ "ಸಕ್ಕರೆ ಚಾಲೂ ಮಾಡಮ್ಮ" ಎನ್ನುತ್ತಾರೆ, ನಾನು ಹತ್ತಿರ ಹೋದರೆ "ಬಾಯಿ ಬಂದ್" ಎನ್ನುತ್ತಾರೆ.

ಪ್ಯಾನಲಣ್ಣ ಈಗ ಯಾರ್ಡಿನಲ್ಲಿ ಬಿಸಿಲಿಗೆ ಟವಲ್ ತಲೆಗೆ ಹಾಕಿಕೊಂಡು ನಿಲ್ಲುತ್ತಾರೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಶೆಡ್ಡಿನಲ್ಲಿ ಬೆಲ್ ಹೊಡೆದಾಗಲೆಲ್ಲ ತಲೆ ಎತ್ತಿ ಕಿಟಕಿ ನೋಡುತ್ತಾರೆ. ಯಾರ್ಡಿಗೂ ಅದು ಚೆನ್ನಾಗಿ ಕೇಳಿಸುತ್ತದೆ ಎಂಬುದು ನನಗೆ ಹೊಳೆದದ್ದು ಅವರು ಹಾಗೆ ನೋಡುವುದನ್ನು ಕಂಡ ಮೇಲೆ. ಅದನ್ನು ನನಗೆ ತೋರಿಸಲೆಂದೇ ನೋಡುತ್ತಾರೋ ಏನೋ, ಅದೂ ಗೊತ್ತಿಲ್ಲ.

ಕೈ ಸಿಕ್ಕಿಕೊಂಡ ಆ ಸೋಮವಾರ, ಫೆಬ್ರವರಿ ಮೂರರ ಬೆಳಿಗ್ಗೆ, ಯಾರ್ಡಿನಲ್ಲಿ ಒಂಬತ್ತು ಲೋಡ್ ನಿಂತಿದ್ದವು. ಮೂಡಿಗೆರೆಯಿಂದ ನಾಲ್ಕು, ಕಳಸದಿಂದ ಮೂರು, ಜಾವಳಿ ಕಡೆಯಿಂದ ಎರಡು. ಜಾವಳಿಯವರನ್ನು ಕೇಳಲಿಲ್ಲ, ಅವರು ಫಿಟ್ಟರ ಊರಿನವರು. ಮೂಡಿಗೆರೆಯವರಲ್ಲಿ ಇಬ್ಬರು ಹತ್ತು ಗಂಟೆಗೇ ಇಳಿಸಿ ಹೊರಟಿದ್ದರಂತೆ, ಇಬ್ಬರು ಟೀ ಅಂಗಡಿಯಲ್ಲಿದ್ದರಂತೆ. ಕಳಸದ ಮೂರು ಗಾಡಿಯವರು ಇನ್ನೂ ಸಿಕ್ಕಿಲ್ಲ. ಇದನ್ನು ಓದುವವರಲ್ಲಿ ಆ ದಿನ ಬೆಳಿಗ್ಗೆ ಲೋಡ್ ತಂದು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸೊಂದರ ಯಾರ್ಡಿನಲ್ಲಿ ಸರದಿಗೆ ಕಾಯುತ್ತಿದ್ದವರು ಇದ್ದರೆ, ಆ ಕೂಗು ನಿಮ್ಮ ಕಿವಿಗೂ ಬಿದ್ದಿರಬೇಕು. ಅದಕ್ಕಿಂತ ಸ್ವಲ್ಪ ಮುಂಚೆ ಒಂದು ಉದ್ದನೆಯ ಬೆಲ್ ಕೇಳಿಸಿತ್ತೇ, ಇಲ್ಲವೇ? ಕೇಳಿಸಿದ್ದರೂ ಬರೆಯಿರಿ, ಕೇಳಿಸದಿದ್ದರೂ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಯಿರಿ, ಯಾರ ಮೇಲಿನ ಕರುಣೆಗೂ ಇನ್ನೇನೂ ಸೇರಿಸಬೇಡಿ.